ಮಗ್ಗದ ಮನೆಯ ಬಾಣಂತಿ

ತುಡಿಯಲೂರು
೭ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ಸುಶೀಲಳಿಗೆ,

ನಿನ್ನ ಭಾವ ಚೆನ್ನಿಯಪ್ಪನ್ ಮನಸಾರೆ ಹರಸುತ್ತಾನೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಈ ಎಲ್ಲರಲ್ಲಿ ಈ ಸಲ ನಾಲ್ಕು ಕಾಲಿನವರೂ ಸೇರಿದ್ದಾರೆ. ಅದನ್ನು ಹೇಳಬೇಕೆಂದೇ ಇವತ್ತು ಕನ್ನಡಕ ಒರೆಸಿಕೊಂಡು ಕೂತಿದ್ದೇನೆ.

ನಿನ್ನ ಪತ್ರ ಬಂದದ್ದು ಆಷಾಢದಲ್ಲಿ. ಶ್ರಾವಣ ಕಳೆದು, ಗಣಪತಿಯನ್ನೂ ನೀರಿಗೆ ಬಿಟ್ಟಾಯಿತು, ನನ್ನ ಉತ್ತರ ಮಾತ್ರ ಹೊರಡಲಿಲ್ಲ. ಕೋಪ ಮಾಡಿಕೊಂಡಿದ್ದರೆ ಅದು ನ್ಯಾಯವೇ. ಬರೆಯಲು ಶುರುಮಾಡಿ ಮಡಿಸಿಟ್ಟ ಹಾಳೆಗಳು ದಿಂಬಿನ ಕೆಳಗೆ ಇವೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ನನ್ನ ಮಗಳು ಜಯಪ್ರಿಯಾ ಫೋನ್ ಕೈಗೆ ಕೊಡುವಾಗಲೇ ಸ್ಪೀಕರ್ ಹಾಕಿ ಕೊಡುತ್ತಾಳೆ, ಅಪ್ಪನಿಗೆ ಕಿವಿ ಮಂದ ಎಂದು. ಕಿವಿ ಸರಿಯಾಗಿಯೇ ಇದೆ. ಆದರೆ ಕೆಲವು ಮಾತು ಸ್ಪೀಕರಿನಲ್ಲಿ ಆಡುವಂಥವಲ್ಲ. ಕಾಗದವೇ ವಾಸಿ. ನಿನ್ನಕ್ಕ ರಾಮಾಯಿ ಹೋದ ಮೇಲೆ ಈ ಮನೆಯಲ್ಲಿ ಕನ್ನಡ ಅಕ್ಷರ ಓದುವವನು ನಾನೊಬ್ಬನೇ. ಮಗಳು, ಅಳಿಯ, ಮೊಮ್ಮಗಳು ಎಲ್ಲರೂ ಇಲ್ಲಿನ ತಮಿಳು ಶಾಲೆಯವರು, ಕನ್ನಡ ಮಾತಾಡುತ್ತಾರೆ, ಓದಲಾರರು. ಈ ಪತ್ರವನ್ನು ಊಟದ ಮೇಜಿನ ಮೇಲೆ ತೆರೆದಿಟ್ಟು ಹೋದರೂ ಬೀಗ ಹಾಕಿದ ಹಾಗೆಯೇ.

ನನಗೆ ಅಕ್ಷರ ಕಲಿಸಿದವಳೂ ರಾಮಾಯಿಯೇ, ನಿನಗೆ ಗೊತ್ತು. ಕೊಳ್ಳೇಗಾಲದಿಂದ ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಬಿ.ಎ. ಪದವಿಗೆ ನಕ್ಕಿದ್ದಳು. "ಮನೆಯಲ್ಲಿ ಆಡೋ ಮಾತಿಗೆ ಅಕ್ಷರ ಗೊತ್ತಿಲ್ಲ, ಇವರದೆಂಥ ಡಿಗ್ರಿ" ಎಂದು ಸೀಮೆಸುಣ್ಣದಲ್ಲಿ ಮಗ್ಗದ ಮರದ ಮೇಲೆ ಅ ಆ ಬರೆದುಕೊಟ್ಟಳು. ನಾನು ನೂಲಿನ ಡಿಪೋದಿಂದ ಬಂದು ಕೂತು ತಿದ್ದುತ್ತಿದ್ದೆ, ಅವಳು ನೇಯುತ್ತಿದ್ದಳು. ಕಾಲೇಜಿನ ಇಂಗ್ಲಿಷ್ ಅರ್ಧಕ್ಕರ್ಧ ಉದುರಿಹೋಗಿದೆ. ಆ ಅಕ್ಷರ ಉಳಿದಿದೆ.

ನೀನು ಎರಡು ವಿಷಯ ಕೇಳಿದ್ದೆ. ಒಂದು ನನ್ನ ಆರೋಗ್ಯ, ಇನ್ನೊಂದು ಅಕ್ಕನ ಸೀರೆ. ಎರಡಕ್ಕೂ ಉತ್ತರ ಕೊಡುತ್ತೇನೆ. ಆದರೆ ಪರೀಕ್ಷೆಯಲ್ಲಿ ಕೇಳುತ್ತಿದ್ದರಲ್ಲ, 'ಎಕ್ಸ್‌ಪ್ಲೇನ್ ವಿತ್ ರೆಫರೆನ್ಸ್ ಟು ದಿ ಕಾಂಟೆಕ್ಸ್ಟ್' ಎಂದು, ಹಾಗೆ ಮೊದಲು ಸಂದರ್ಭ ಹೇಳದೆ ಉತ್ತರಕ್ಕೆ ಬರಲಾಗುವುದಿಲ್ಲ. ಸ್ವಲ್ಪ ತಾಳಿಕೊ.

ನೀನು ನೋಡಿದ ತುಡಿಯಲೂರು ಈಗಿಲ್ಲ. ಜೋಳದ ಹೊಲ ಇದ್ದ ಕಡೆ ಅಪಾರ್ಟ್‌ಮೆಂಟ್, ಹುಣಿಸೆ ಮರ ಇದ್ದ ಕಡೆ ಪಂಪು ಮಾಡುವ ವರ್ಕ್‌ಶಾಪ್. ಮನುಷ್ಯರು ಹೆಚ್ಚಾದ ಹಾಗೆ ಪ್ರಾಣಿಗಳು ಕಡಿಮೆಯಾಗಬೇಕಲ್ಲವೆ, ಎಕನಾಮಿಕ್ಸ್ ಪ್ರಕಾರ? ಇಲ್ಲಿ ಎರಡೂ ಹೆಚ್ಚಾಗಿವೆ. ನವಿಲು ಈಗ ನಮ್ಮ ಬೀದಿಯ ಕಾಗೆ. ನೀರಿನ ಟ್ಯಾಂಕಿನ ಮೇಲೆ ಕೂತು ಬೆಳಗಿನ ಜಾವ ಅದು ಕಿರುಚಿದರೆ ಅಲಾರಂ ಬೇಡ. ಒಂದು ಗಂಡು ನವಿಲು ಅಳಿಯ ಸೆಂದಿಲ್ ಕುಮಾರನ ಹೊಸ ಕಾರಿನ ಕನ್ನಡಿಯಲ್ಲಿ ತನ್ನ ಮುಖ ನೋಡಿ, ಯಾವನೋ ಎದುರಾಳಿ ಬಂದನೆಂದು ದಿನಾ ಯುದ್ಧ ಮಾಡುತ್ತದೆ. ಸೆಂದಿಲ್ ಎರಡು ಕನ್ನಡಿಗೂ ಮಗಳ ಹಳೆಯ ಸ್ಕೂಲ್ ಸಾಕ್ಸ್ ತೊಡಿಸಿ ನಿಲ್ಲಿಸುತ್ತಾನೆ. ಒಂದು ದಿನ ಮರೆತು ಸಾಕ್ಸ್ ಸಮೇತ ಮೇನ್ ರೋಡಿಗೆ ಹೋಗಿ ಪೊಲೀಸಿನವನಿಂದ ಪಾಠ ಹೇಳಿಸಿಕೊಂಡು ಬಂದ. ಪಲ್ಲಡದಲ್ಲಿ ಅವನ ಅಣ್ಣನ ಪವರ್‌ಲೂಮ್ ಶೆಡ್ಡಿನೊಳಗೇ ನವಿಲು ಮೇಸ್ತ್ರಿಯ ಹಾಗೆ ಓಡಾಡುತ್ತದಂತೆ. ಮದುಕ್ಕರೈ ಕಡೆ ಚಿರತೆ ಕಂಡಿತು ಎಂಬ ಸುದ್ದಿ ಬಂದರೆ ಮಲಯಾಳಂ ಮಾತಾಡುವ ನಮ್ಮ ಹಾಲಿನವನು ಎರಡು ದಿನ ತಡವಾಗಿ ಬರುತ್ತಾನೆ, ಚಿರತೆ ಅವನ ದಾರಿಯಲ್ಲೇ ಇಲ್ಲದಿದ್ದರೂ. ಬೆಟ್ಟದ ಬುಡದ ಮನೆಗಳಿಗೆ ಆನೆ ಬಂದು ರೇಷನ್ ಅಕ್ಕಿ ತಿಂದು ಹೋಗುವುದು ಈಗ ಪೇಪರಿನವರಿಗೂ ಬೇಸರವಾಗಿದೆ.

ನಮ್ಮ ಮನೆಗೆ ಬಂದದ್ದು ಇವ್ಯಾವುವೂ ಅಲ್ಲ.

ಹಿತ್ತಿಲಿನ ಮಗ್ಗದ ಮನೆ ನಿನಗೆ ನೆನಪಿರಬೇಕು. ಹೆಂಚಿನ ಮಾಡು, ನೆಲದಲ್ಲಿ ಗುಣಿ ಮಗ್ಗ, ತಲೆಯ ಮೇಲೆ ಹಲಗೆಯ ಅಟ್ಟ. ಅಟ್ಟದ ತುಂಬ ಹಳೆಯ ರಾಟೆ, ನೂಲಿನ ಬುಟ್ಟಿ, ಹಾಸಿನ ಕೋಲು. ಕೊರೊನಾ ಜ್ವರ ನಿನ್ನಕ್ಕನನ್ನು ಕರೆದುಕೊಂಡು ಹೋದ ಮೇಲೆ ಆ ಬಾಗಿಲಿಗೆ ಬೀಗ. ಶುಕ್ರವಾರ ಸಂಜೆ ಮಾತ್ರ ತೆಗೆದು ದೀಪ ಹಚ್ಚಿ ಬರುತ್ತೇನೆ. ಈ ಬೇಸಿಗೆ ಕಳೆದು ಗಾಳಿ ಶುರುವಾದಾಗ, ಒಂದು ಶುಕ್ರವಾರ ಬೀಗ ತೆಗೆದು ಬಾಗಿಲು ತಳ್ಳಿದೆ. ಒಳಗೆ ಗಂಜಿಯ ವಾಸನೆ.

ಯಾವ ಗಂಜಿ ಎಂದು ನಿನಗೆ ಹೇಳಬೇಕಾಗಿಲ್ಲ. ನೇಯುವ ಮೊದಲು ಹಾಸು ನೂಲಿಗೆ ಹಾಕುವ ಗಂಜಿ. ಹಳೆಯ ಅಕ್ಕಿಯನ್ನು ಗಂಟೆಗಟ್ಟಲೆ ಬೇಯಿಸಿ, ಬಟ್ಟೆಯಲ್ಲಿ ಹಿಂಡಿ, ಒಂದು ಚಮಚ ಕೊಬ್ಬರಿ ಎಣ್ಣೆ ಬಿಟ್ಟು, ಬೀದಿಯ ಉದ್ದಕ್ಕೂ ಎಳೆದು ಕಟ್ಟಿದ ನೂಲಿಗೆ ಕುಂಚದಲ್ಲಿ ಸವರುತ್ತಿದ್ದಳಲ್ಲ, ಅದೇ. ನಾನು ಹೊಸ್ತಿಲ ಮೇಲೆಯೇ ಕೂತುಬಿಟ್ಟೆ, ಸುಶೀಲಾ. ದೀಪ ಕೈಯಲ್ಲೇ ಇತ್ತು.

ಆಮೇಲೆ ಒಳಗೆ ಹೋಗಿ ಜಯಪ್ರಿಯಾಳನ್ನು ಕೇಳಿದೆ. "ಮಗ್ಗದ ಮನೇಲಿ ಗಂಜಿ ಕಾಯಿಸಿದ್ದು ಯಾರಮ್ಮ?"

ಅವಳು ನನ್ನ ಮುಖವನ್ನು ನೋಡಿದ ರೀತಿ ನನಗೆ ಚೆನ್ನಾಗಿ ಗೊತ್ತು. ಈಚೆಗೆ ಅವಳಿಗೆ ನನ್ನ ಮೇಲೆ ಒಂದು ಡೌಟ್. ಒಂದು ಸಲ ಗ್ಯಾಸ್ ಸ್ಟವ್ ಆರಿಹೋಗಿ ಗ್ಯಾಸ್ ಬರುತ್ತಲೇ ಇತ್ತಂತೆ, ನಾನು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದೆನಂತೆ. ಇನ್ನೊಂದು ಸಲ ಕೆಟ್ಟ ಹಾಲಿನಲ್ಲಿ ಕಾಫಿ ಮಾಡಿಕೊಂಡು ಕುಡಿದೆ. ಅಪ್ಪನಿಗೆ ಮರೆವು ಶುರುವಾಗಿದೆ, ಒಬ್ಬರನ್ನೇ ಬಿಡುವ ಹಾಗಿಲ್ಲ ಎಂದು ಗಂಡನ ಹತ್ತಿರ ಹೇಳುತ್ತಿದ್ದುದನ್ನು ಕೇಳಿಸಿಕೊಂಡಿದ್ದೇನೆ. ಕಿವಿ ಸರಿಯಾಗಿದೆ ಎಂದೆನಲ್ಲ.

"ಅಪ್ಪಾ, ಅಲ್ಲಿ ಯಾರೂ ಏನೂ ಕಾಯಿಸಿಲ್ಲ. ಬನ್ನಿ, ಒಳಗೆ ಕೂತ್ಕೊಳ್ಳಿ" ಎಂದು ಚಿಕ್ಕ ಮಗುವಿನ ಹಾಗೆ ನನ್ನ ಕೈ ಹಿಡಿದು ಕೂರಿಸಿದಳು. ಮಗ್ಗದ ಮನೆಯ ಕಡೆ ಹೋಗಿ ನೋಡಲೂ ಇಲ್ಲ.

ನನ್ನ ಮಾನ ಉಳಿಸಿದವಳು ಪಕ್ಕದ ಮನೆಯ ಮುತ್ತಮ್ಮಾಳ್. ಮರುದಿನ ಸಂಜೆ ಗೋಡೆಯ ಆಚೆಯಿಂದ ಕೂಗಿದಳು. "ಅಣ್ಣಾ, ಏನಣ್ಣಾ ನಿಮ್ಮ ಮನೇಲಿ ವಿಶೇಷ? ಪಾವು ಗಂಜಿ ಬೇಯ್ತಾ ಇದೆ, ನಮಗೊಂದು ಮಾತು ಹೇಳಬಾರದಾ?"

ಪಾವು ಎಂದರೆ ನಮ್ಮ ಹಾಸು. ಇಲ್ಲಿ ಹುಟ್ಟಿದವರೆಲ್ಲ ಹಾಗೆಯೇ ಅನ್ನುವುದು.

ಮುತ್ತಮ್ಮಾಳ್ ಹೇಳಿದ ಮೇಲೆ ಬೀದಿಗೆಲ್ಲ ಹೇಳಿದ ಹಾಗೆ. ನೇಯುವ ಮನೆಗಳಲ್ಲಿ ಹುಟ್ಟಿದ ಹೆಂಗಸರೆಲ್ಲ ಬಂದು ಬೀಗ ಹಾಕಿದ ಬಾಗಿಲಿಗೆ ಮೂಗಿಟ್ಟು ನಿಂತರು. ಬೇರೆ ಯಾರಾದರೂ ಆಗಿದ್ದರೆ ಎಲ್ಲೋ ಅನ್ನ ಬೇಯುತ್ತಿದೆ ಎಂದು ಹೋಗುತ್ತಿದ್ದರು. ಇವರಿಗೆ ಅದು ಅನ್ನವಲ್ಲ, ಗಂಜಿ. ಬೀಗ ಹಾಕಿದ ಮನೆಯೊಳಗೆ ಗಂಜಿ ಬೇಯುತ್ತಿದೆ ಎಂದರೆ ಅದಕ್ಕೆ ಒಂದೇ ಅರ್ಥ.

"ರಾಮಾಯಿ ಬಂದಿದ್ದಾಳೆ" ಎಂದಳು ಮುತ್ತಮ್ಮಾಳ್. "ಅಮ್ಮನ ಸೀರೆಗೆ ಪಾವು ತಯಾರು ಮಾಡ್ತಿದ್ದಾಳೆ. ಈ ವರ್ಷ ಈ ಮನೆಯದೇ ಮೊರೆ."

ನಮ್ಮ ಬೀದಿಯ ಪದ್ಧತಿ ನಿನಗೆ ಅರ್ಧ ಗೊತ್ತಿರಬಹುದು. ಚೌಡಮ್ಮನ ಹಬ್ಬಕ್ಕೆ ಅಮ್ಮನಿಗೆ ಉಡಿಸುವ ಸೀರೆಯನ್ನು ವರ್ಷಕ್ಕೊಂದು ಮನೆಯವರು ಸರದಿಯ ಮೇಲೆ, ಇಲ್ಲಿಯವರ ಮಾತಿನಲ್ಲಿ ಮೊರೆಯ ಮೇಲೆ, ನೇಯಬೇಕು. ನೂಲು, ಗಂಜಿ, ಬಣ್ಣ ಎಲ್ಲ ಆ ಮನೆಯಲ್ಲೇ ಆಗಬೇಕು. ಜ್ವರದ ವರ್ಷದಿಂದ ಸರದಿ ನಿಂತುಹೋಯಿತು, ಅಂಗಡಿಯಿಂದ ಕೊಂಡು ತಂದು ಉಡಿಸುತ್ತಿದ್ದಾರೆ. ಅದು ಎಲ್ಲರ ಮನಸ್ಸಿನಲ್ಲೂ ಮುಳ್ಳಾಗಿತ್ತು ಎಂದು ಈಗ ಗೊತ್ತಾಯಿತು. ಹೆಂಗಸರು ಬೀಗಕ್ಕೆ ಕನಕಾಂಬರ ಸಿಕ್ಕಿಸಿ ಹೋದರು. ನಾನು ಓದಿದವನು, ಎದ್ದು ನಿಂತು ಇದೆಲ್ಲ ಸುಳ್ಳು ಎನ್ನಬೇಕಿತ್ತೋ ಏನೋ. ಬಾಯಿ ಮುಚ್ಚಿಕೊಂಡು ಕೂತಿದ್ದೆ. ಕೋರ್ಟಿನಲ್ಲಿ ಬೆನಿಫಿಟ್ ಆಫ್ ಡೌಟ್ ಎನ್ನುತ್ತಾರಲ್ಲ, ಅದನ್ನು ನನಗೆ ನಾನೇ ಕೊಟ್ಟುಕೊಂಡೆ.

ಸೆಂದಿಲ್ ಕುಮಾರ ಕೆಲಸದಿಂದ ಬಂದು ಹೂವು ನೋಡಿ ಕೇಳಿದ. ವಿಷಯ ತಿಳಿದ ಮೇಲೆ ಅವನ ಮುಖ ಬೇರೆ ಕಾರಣಕ್ಕೆ ಬೆಳ್ಳಗಾಯಿತು. "ಮಾಮಾ, ಬೇಯಿಸಿದ ವಾಸನೆ ಬಂದರೆ ಹಾವು ಇದೆ ಅಂತ. ನಮ್ಮ ಅಜ್ಜಿ ಹೇಳ್ತಿದ್ದಳು. ಆಲೂಗಡ್ಡೆ ಬೇಯೋ ವಾಸನೆ ನಾಗರಹಾವಿಂದು."

"ಇದು ಆಲೂಗಡ್ಡೆ ಅಲ್ಲ, ಅಕ್ಕಿ" ಎಂದಳು ಜಯಪ್ರಿಯಾ. ಆ ಹೊತ್ತಿಗೆ ಅವಳೂ ಹೋಗಿ ಮೂಸಿ ಬಂದಿದ್ದಳು. ಬಂದವಳು ನನ್ನ ಪಕ್ಕದಲ್ಲಿ ಕೂತಳು. ಅಪ್ಪನಿಗೆ ಮರೆವಲ್ಲ ಎಂದು ಅವಳಿಗೆ ಸಮಾಧಾನ. ನನಗೂ.

"ಹಾವಿಗೆ ಆಲೂಗಡ್ಡೆ ಏನು, ಅಕ್ಕಿ ಏನು" ಎಂದು ಸೆಂದಿಲ್ ಹಾವು ಹಿಡಿಯುವ ಇಳಂಗೋನನ್ನು ಕರೆಸಿದ.

ಇಳಂಗೋ ತೆಳ್ಳನೆಯ ಮನುಷ್ಯ. ಹಗಲು ಆಟೋ ಓಡಿಸುತ್ತಾನೆ. ಸಂಜೆ ಬೆಳಕಿರುವಾಗಲೇ ಬಂದು ಏಣಿ ಹಾಕಿ ಅಟ್ಟಕ್ಕೆ ತಲೆ ತೂರಿಸಿದ. ಕೆಳಗೆ ನಾವು, ಬಾಗಿಲಲ್ಲಿ ಅರ್ಧ ಬೀದಿ. ಆಮೇಲೆ ಮೆಲ್ಲಗೆ ಇಳಿದು ಬಂದು ಬೆರಳು ತುಟಿಗಿಟ್ಟ.

"ಹಾವಲ್ಲ ಸಾರ್. ಮರನಾಯಿ. ನೂಲಿನ ಬುಟ್ಟೀಲಿ ಮರಿ ಹಾಕಿದೆ. ಮೂರು. ಇನ್ನೂ ಕಣ್ಣು ಬಿಟ್ಟಿಲ್ಲ."

ನಿಮ್ಮ ಕಡೆ ಪುನುಗು ಬೆಕ್ಕು ಎನ್ನುತ್ತಾರೆ ನೋಡು, ಅದರ ಜಾತಿ. ಬೂದು ಮೈ, ಉದ್ದ ಬಾಲ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ ಹಾಗೆ ಮುಖ. ಹಗಲೆಲ್ಲ ಮಲಗಿ ಮಬ್ಬುಗತ್ತಲಾದ ಮೇಲೆ ಹಣ್ಣು ಹುಡುಕಿಕೊಂಡು ಹೋಗುತ್ತದೆ. ಅದರ ಮೈಯಿಂದ ಬರುವ ವಾಸನೆಯೇ ಹಾಗಂತೆ, ಅಕ್ಕಿ ಬೆಂದ ಹಾಗೆ. "ಎಷ್ಟೋ ಮನೇಲಿ ನಮ್ಮನ್ನ ಕರೆದು, ಮೇಲೆ ಯಾರೋ ಅಡುಗೆ ಮಾಡ್ತಿದ್ದಾರೆ ಅಂತಾರೆ ಸಾರ್" ಎಂದ ಇಳಂಗೋ. ನಗಬಾರದೆಂದು ಬಹಳ ಪ್ರಯತ್ನಪಟ್ಟ.

ಬಾಗಿಲಲ್ಲಿ ನಿಂತವರೆಲ್ಲ ಮುತ್ತಮ್ಮಾಳನ್ನು ನೋಡಿದರು. ಅವಳು ಸೋಲುವ ಹೆಂಗಸೇ? "ಇರಲಿ. ಮರನಾಯಿ ಬರೋಕೆ ಬೀದೀಲಿ ಬೇರೆ ಮನೆ ಇರಲಿಲ್ವಾ? ರಾಮಾಯಿ ಬುಟ್ಟೀನೇ ಹುಡುಕ್ಕೊಂಡು ಯಾಕೆ ಬಂತು? ಮೊರೆ ಈ ಮನೆಯದೇ" ಎಂದು ಸೆರಗು ಸಿಕ್ಕಿಸಿಕೊಂಡು ಹೋದಳು.

ಕಷ್ಟ ಶುರುವಾದದ್ದು ಅಲ್ಲಿಂದ. ಮೊಮ್ಮಗಳು ಇಲಕ್ಕಿಯಾ ಫೋನಿನಲ್ಲಿ ಆ ಪ್ರಾಣಿಯ ಫೋಟೋ ಹುಡುಕಿ ಅಮ್ಮನಿಗೆ ತೋರಿಸಿದಳು. ಜಯಪ್ರಿಯಾ ಅದನ್ನು ನೋಡಿದವಳೇ ಬಾಗಿಲಿಗೆ ಬೀಗ ಹಾಕಿ ಬೀಗದ ಕೈ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾಳೆನೇ ಫಾರೆಸ್ಟ್‌ನವರಿಗೆ ಹೇಳಿ, ಬೋನು ತರಲಿ" ಎಂದಳು ಗಂಡನಿಗೆ.

ನಾನು ಹೇಳಿದೆ. "ಇರಲಿ ಬಿಡಮ್ಮ. ಮರಿ ದೊಡ್ಡವಾದ ಮೇಲೆ ತಾವೇ ಹೋಗ್ತವೆ."

"ಅಪ್ಪಾ, ಆ ರೋಗ ಇಂಥ ಪ್ರಾಣಿಗಳಿಂದಲೇ ಬಂತು ಅಂತ ಆಗ ಟಿವೀಲಿ ಹೇಳ್ತಿದ್ರು. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಅಮ್ಮನ್ನ ತಗೊಂಡುಹೋಗಿದ್ದು ಸಾಲದಾ? ಇನ್ನು ಇಲಕ್ಕಿಯಾ ಇದ್ದಾಳೆ, ನೀವಿದ್ದೀರಿ."

ಆಸ್ಪತ್ರೆಯ ಗೇಟಿನ ಹೊರಗೆ ನಿಂತು ತಾಯಿಗಾಗಿ ಕಾದವಳು ಅವಳು. ನಾನೂ ಅದೇ ಜ್ವರದಲ್ಲಿ ಮನೆಯ ಕೋಣೆಯಲ್ಲಿ ಬಿದ್ದಿದ್ದೆ. ಆ ಮಗ್ಗದ ಮನೆಯಲ್ಲಿ ಸಂಜೆ ಕೂತರೆ ನಿಮ್ಮಮ್ಮ ಗಂಜಿ ಸೋಸುತ್ತಿದ್ದಾಳೆ ಅನ್ನಿಸುತ್ತದೆ, ಅದನ್ನು ನನ್ನಿಂದ ಕಿತ್ತುಕೊಳ್ಳಬೇಡ ಎಂದು ಬಾಯಿಯ ತುದಿಗೆ ಬಂತು. ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ ಅದು, ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಪೇಪರ್ ಎತ್ತಿಕೊಂಡು ಹೊರಗೆ ಹೋದೆ. ಇಡೀ ದಿನ ನನಗೆ ಊಟ ಸೇರಲಿಲ್ಲ.

ಬೋನು ಬರುವ ಬೆಳಗ್ಗೆ ಮುತ್ತಮ್ಮಾಳ್ ಒಂದು ತಟ್ಟೆಯಲ್ಲಿ ಬಾಳೆಹಣ್ಣು, ಅರಿಸಿನ ಕುಂಕುಮ ಇಟ್ಟುಕೊಂಡು ಬಂದಳು. ನೇರ ಜಯಪ್ರಿಯಾಳ ಮುಂದೆ ನಿಂತಳು.

"ಏನಮ್ಮಾ, ಬೋನು ತರಿಸ್ತಿದ್ದೀಯಂತೆ?"

"ಹೌದು ಅತ್ತೆ."

"ಅಮ್ಮನ ಸೀರೆ ನೇಯೋ ಮನೆ ಇದು. ಆ ಮನೇಲಿ ಹೆರಿಗೆ ಆಗಿದೆ. ತೀಟ್ಟು ಇರೋ ಮನೇಲಿ ಮಗ್ಗ ಅಲ್ಲಾಡಿಸಬಾರದು, ಸುತ್ತಿಗೆ ಸದ್ದು ಆಗಬಾರದು, ಬಾಣಂತೀನ ಹೊಸ್ತಿಲು ದಾಟಿಸಬಾರದು. ನಿಮ್ಮಮ್ಮ ನಿನ್ನ ಹೆತ್ತಾಗ ಈ ಬೀದೀಲಿ ಪಕ್ಕದ ಮಗ್ಗ ಸಹಿತ ನಿಂತಿತ್ತು. ಗೊತ್ತಾ?"

ಅದು ನಿಜ. ನಮ್ಮ ಬೀದಿಯಲ್ಲಿ ಪುರುಡು, ಅವಳು ತೀಟ್ಟು ಎಂದದ್ದು, ಇರುವ ಮನೆಯ ಅಕ್ಕಪಕ್ಕ ಮಗ್ಗ ಬಡಿಯುವುದಿಲ್ಲ, ಕೂಸು ಬೆಚ್ಚುತ್ತದೆಂದು.

"ಅತ್ತೆ, ಅದು ಮನುಷ್ಯರಿಗೆ" ಎಂದಳು ಜಯಪ್ರಿಯಾ.

"ಹೆರಿಗೆ ನೋವಲ್ಲಿ ಅದೇನಮ್ಮಾ ಮನುಷ್ಯ, ಮರನಾಯಿ? ನೀನೂ ಒಂದು ಹೆತ್ತವಳೇ ತಾನೆ? ಆ ಬೋನಲ್ಲಿ ತಾಯಿ ಸಿಕ್ಕಿ ಮರಿ ಮೇಲೆ ಉಳಿದರೆ, ಅಮ್ಮನ ಸೀರೆನ ಯಾವ ಕೈಯಲ್ಲಿ ನೇಯ್ತೀಯಾ ಹೇಳು. ನಾನಂತೂ ಆ ಸೀರೆ ಮುಟ್ಟಲ್ಲ."

ಸೆಂದಿಲ್ ನೆಲ ನೋಡಿಕೊಂಡು ನಿಂತಿದ್ದ. ಅವನಿಗೂ ಬೋನು ಇಷ್ಟವಿರಲಿಲ್ಲ, ಹೆಂಡತಿಯ ಮಾತು ಮೀರುವ ಧೈರ್ಯವಿರಲಿಲ್ಲ. ಮುತ್ತಮ್ಮಾಳ್ ಹೇಳಿದ್ದೇ ನೆಪ ಸಿಕ್ಕಿತೆಂದು, "ಹತ್ತು ದಿನ ಕಳೀಲಿ ಪ್ರಿಯಾ. ಆಮೇಲೆ ನೋಡೋಣ" ಎಂದ. ಜಯಪ್ರಿಯಾ ತಟ್ಟೆ ಇಸಿದುಕೊಂಡಳು. "ಹತ್ತೇ ದಿನ" ಎಂದಳು. ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು, ನನ್ನ ಕಡೆ ನೋಡದೆ.

ಆ ಹತ್ತು ದಿನ ನನಗೆ ದೇವರು ಕೊಟ್ಟ ರಜೆ. ಸಂಜೆಯಾದರೆ ಮಗ್ಗದ ಮನೆಯಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದೆ. ಬೆಳಕು ಇಳಿಯುವ ಹೊತ್ತಿಗೆ ಅಟ್ಟದ ಅಂಚಿನಲ್ಲಿ ಒಂದು ಮುಖ ಕಾಣುತ್ತಿತ್ತು. ನನ್ನನ್ನು ನೋಡುತ್ತಿತ್ತು, ನಾನು ಅದನ್ನು ನೋಡುತ್ತಿದ್ದೆ. ಪರಸ್ಪರ ತೊಂದರೆ ಇಲ್ಲ ಎಂದು ಖಾತ್ರಿಯಾದ ಮೇಲೆ ಹೆಂಚಿನ ಸಂದಿಯಿಂದ ಹೊರಟುಹೋಗುತ್ತಿತ್ತು, ಕೇಬಲ್ ವೈರಿನ ಮೇಲೆ ನಡೆದುಕೊಂಡು, ಮುತ್ತಮ್ಮಾಳ್ ಮನೆಯ ಸೀಬೆ ಮರಕ್ಕೆ. ಕೋ-ಎಕ್ಸಿಸ್ಟೆನ್ಸ್ ಎಂದು ಪೊಲಿಟಿಕಲ್ ಸೈನ್ಸ್ ಪೇಪರಿನಲ್ಲಿ ಐದು ಮಾರ್ಕಿಗೆ ಬರೆದಿದ್ದೆ, ಎರಡು ಕೊಟ್ಟಿದ್ದರು. ಈಗ ಬರೆದರೆ ಐದೂ ಬರುತ್ತದೆ.

ಹೀಗೆ ಒಂದು ದಿನ ಅಲ್ಲಿಂದ ಎದ್ದು ಊಟಕ್ಕೆ ಬಂದು ಕೂತೆ. ಜಯಪ್ರಿಯಾ ರಸಂ ಬಡಿಸಿದಳು. ಒಂದು ತುತ್ತು ಕಲಸಿ ಬಾಯಿಗೆ ಇಡುವಾಗ ಯೋಚಿಸದೆ ಹೇಳಿಬಿಟ್ಟೆ. "ಹಿಂಗು ಸ್ವಲ್ಪ ಜಾಸ್ತಿ ಆಯ್ತು ಕಣಮ್ಮ."

ಅವಳ ಸೌಟು ಪಾತ್ರೆಯಲ್ಲೇ ನಿಂತಿತು. ಸೆಂದಿಲ್ ತಲೆಯೆತ್ತಿ ನೋಡಿದ. ಬೈಸಿಕೊಳ್ಳುತ್ತೇನೆ ಎಂದುಕೊಂಡೆ.

"ಏನಂದ್ರಿ?"

"ಏನಿಲ್ಲಮ್ಮ. ಚೆನ್ನಾಗಿದೆ."

"ಇಲ್ಲ ಅಪ್ಪಾ, ಮೊದಲು ಹೇಳಿದ್ದು ಹೇಳಿ."

"ಹಿಂಗು ಜಾಸ್ತಿ ಅಂದೆ."

ಅವಳು ಅಲ್ಲಿಯೇ ಕೂತುಬಿಟ್ಟಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. "ಅಮ್ಮ ಹೋದ ಮೇಲೆ ನೀವು ನನ್ನ ಅಡುಗೆಗೆ ಒಂದು ಕುಂದು ಹೇಳಿಲ್ಲ ಅಪ್ಪಾ. ಏನಿಟ್ಟರೂ ಚೆನ್ನಾಗಿದೆ ಅಂತೀರಿ. ಒಂದು ದಿನ ಸಾಂಬಾರ್ ಸೀದುಹೋಗಿತ್ತು, ಅದನ್ನೂ ಚೆನ್ನಾಗಿದೆ ಅಂದ್ರಿ. ಅಪ್ಪನಿಗೆ ಬದುಕೋ ಮನಸ್ಸೇ ಹೋಯ್ತು, ಬಾಯಿಗೆ ಹಾಕಿದ್ದು ನುಂಗ್ತಿದ್ದಾರೆ ಅಷ್ಟೆ ಅಂತ ಅಂದ್ಕೊಂಡಿದ್ದೆ." ಕಣ್ಣೊರೆಸಿಕೊಂಡು ಗಂಡನಿಗೆ ಹೇಳಿದಳು. "ಆ ಬೋನಿನ ಮಾತು ಇನ್ನು ಬೇಡ. ಅಪ್ಪ ಅಲ್ಲಿ ಕೂತ್ಕೊಳ್ಳೋಕೆ ಶುರುಮಾಡಿದ ಮೇಲೇ ಮನುಷ್ಯರಾಗಿದ್ದಾರೆ."

ಮರುದಿನ ಅವಳೇ ಮಾಸ್ಕ್ ಹಾಕಿಕೊಂಡು, ಕೈಗೆ ಗ್ಲೌಸ್ ಹಾಕಿಕೊಂಡು, ಉದ್ದನೆಯ ಕೋಲಿನ ತುದಿಗೆ ಬಾಳೆಹಣ್ಣು ಸಿಕ್ಕಿಸಿ ಅಟ್ಟದ ಮೇಲಿಟ್ಟಳು. ಬಾಂಬು ಇಡುವವರ ಹಾಗೆ. ಇಳಂಗೋನಿಗೆ ವಿಷಯ ಗೊತ್ತಾಗಿ, ತಿನ್ನಲು ಕೊಟ್ಟು ಅಭ್ಯಾಸ ಮಾಡಬೇಡಿ ಅಕ್ಕಾ, ಸೀಬೆ ಮರ ಇದೆಯಲ್ಲ ಸಾಕು, ಅಟ್ಟ ತೊಳೆಯುವಾಗ ಮಾತ್ರ ಮಾಸ್ಕ್ ಹಾಕಿಕೊಳ್ಳಿ ಎಂದು ಹೇಳಿದ. ಅವಳಿಗೆ ಸ್ವಲ್ಪ ನಿರಾಶೆಯಾಯಿತು ಎಂದು ನನ್ನ ಅನುಮಾನ.

ಮರಿಗಳು ಕಣ್ಣು ಬಿಟ್ಟವು. ಅಟ್ಟದ ಮೇಲೆ ರಾಟೆ ತಿರುಗಿಸಿ ಆಡಿದವು. ಇಲ್ಲಿಯವರ ಆಡಿ ಮಾಸ ಪೂರ್ತಿ ತಲೆಯ ಮೇಲೆ ದಡಬಡ ಸದ್ದು. ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಸಂಜೆ ತಾಯಿ ಮುಂದೆ, ಮೂರು ಮರಿ ಹಿಂದೆ, ಕೇಬಲ್ ವೈರಿನ ಮೇಲೆ ಸಾಲಾಗಿ ಹೊರಟವು. ಕೊನೆಯದು ನಡುವೆ ಹೆದರಿ ನಿಂತಿತು. ಬೀದಿಯೆಲ್ಲ ಕೆಳಗೆ ನಿಂತು ಉಸಿರು ಹಿಡಿದು ನೋಡುತ್ತಿತ್ತು. ಸೆಂದಿಲ್ ಕೆಳಗೆ ಲುಂಗಿ ಹರವಿ ಹಿಡಿದುಕೊಂಡಿದ್ದ, ಬಿದ್ದರೆ ಹಿಡಿಯಲು. ಬೀಳಲಿಲ್ಲ. ಮತ್ತೆ ಅಟ್ಟಕ್ಕೆ ವಾಪಸು ಬರಲಿಲ್ಲ. ಆದರೆ ಊರು ಬಿಟ್ಟು ಹೋಗಿಲ್ಲ. ಈಗಲೂ ಸಂಜೆ ಗೋಡೆಯ ಮೇಲೆ ಒಂದು ಬಾಲ ಹಾದುಹೋಗುವುದು ಕಾಣುತ್ತದೆ. ಮುತ್ತಮ್ಮಾಳ್ ಸೀಬೆಹಣ್ಣಿನ ಲೆಕ್ಕ ಬಿಟ್ಟಿದ್ದಾಳೆ.

ಪುರುಡು ಕಳೆಯಿತು ಎಂದು ಅವಳೇ ಬಂದು ಅರಿಸಿನ ನೀರು ಚಿಮುಕಿಸಿದಳು. ಅಟ್ಟ ತೊಳೆದರು. ಮಗ್ಗದ ಮರ ಒರೆಸುವಾಗ ಸೀಮೆಸುಣ್ಣದ ಅಕ್ಷರದ ಮಬ್ಬು ಗುರುತು ಕಂಡಿತು. ಇಲಕ್ಕಿಯಾ ಇದೇನು ತಾತಾ ಎಂದು ಕೇಳಿದಳು. ಹೇಳಿಕೊಡುತ್ತಿದ್ದೇನೆ, ಈಗ 'ಕ' ದವರೆಗೆ ಬಂದಿದ್ದಾಳೆ. ನನ್ನ ಪತ್ರದ ಬೀಗ ಇನ್ನು ಬಹಳ ವರ್ಷ ಬಾಳುವುದಿಲ್ಲ.

ಕಳೆದ ವಾರ ಹಿತ್ತಿಲಲ್ಲಿ ಒಲೆ ಹೂಡಿ ಜಯಪ್ರಿಯಾ ಗಂಜಿ ಕಾಯಿಸಿದಳು. ಮುತ್ತಮ್ಮಾಳ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, "ಇನ್ನೂ ಬೇಯಲಿ. ನಿಮ್ಮಮ್ಮ ಇಷ್ಟಕ್ಕೇ ಇಳಿಸ್ತಿರಲಿಲ್ಲ" ಎಂದು ಪ್ರತಿ ಸಲವೂ ಹೇಳುತ್ತಿದ್ದಳು. ನಾನು ಹೊಗೆಯ ಪಕ್ಕದಲ್ಲೇ ನಿಂತಿದ್ದೆ. ಅದೇ ವಾಸನೆ, ಸುಶೀಲಾ. ಪ್ರಾಣಿಯದಲ್ಲ, ಅಕ್ಕಿಯದೇ. ಬೆಳಗ್ಗೆ ಬೀದಿಯಲ್ಲಿ ಹಾಸು ಎಳೆದು ಕಟ್ಟಿದಾಗ ನಮ್ಮ ನವಿಲು ಬಂದು ನೂಲಿನ ಅಡಿಯಲ್ಲಿ ತಲೆ ಬಗ್ಗಿಸಿ ದಾಟಿತು, ಒಂದು ಎಳೆಯನ್ನೂ ಮುಟ್ಟದೆ. ಎಲ್ಲರೂ ಕೈ ಮುಗಿದರು. ನಾನೂ ಮುಗಿದೆ, ಬಿ.ಎ. ನಾಟ್‌ವಿತ್‌ಸ್ಟ್ಯಾಂಡಿಂಗ್.

ಅಮ್ಮನ ಸೀರೆ ಒಂದು ಮೊಳ ಬಂದಿದೆ. ವಿಜಯದಶಮಿಯ ಹೊತ್ತಿಗೆ ಮುಗಿಯುತ್ತದೆ. ನೀನು ಬರಲೇಬೇಕು. ನಿನ್ನಕ್ಕನ ಮಗ್ಗ ಮತ್ತೆ ಬಡಿಯುವ ಸದ್ದು ನೀನು ಕೇಳದೆ ಯಾರು ಕೇಳಬೇಕು? ಮುತ್ತಮ್ಮಾಳಿಗೆ, ಇಳಂಗೋನಿಗೆ, ಮಗಳಿಗೆ, ಅಳಿಯನಿಗೆ, ಗೋಡೆ ಮೇಲಿನ ಆ ಬಾಣಂತಿಗೆ ನಾನು ಯಾರಿಗೂ ಬಾಯಿಬಿಟ್ಟು ಕೃತಜ್ಞತೆ ಹೇಳಿಲ್ಲ. 'ಥ್ಯಾಂಕಿಂಗ್ ಯೂ ಇನ್ ಆಂಟಿಸಿಪೇಷನ್' ಎಂದು ಅರ್ಜಿಯ ಕೊನೆಗೆ ಬರೆಯುತ್ತಿದ್ದೆವು, ಕೊಡುವ ಮೊದಲೇ. ಇದು ಕೊಟ್ಟ ಮೇಲಿನದು. ಹೇಗೆ ಬರೆಯಬೇಕೆಂದು ಯಾರೂ ಕಲಿಸಲಿಲ್ಲ. ನಿನಗೆ ಬರೆದರೆ ಎಲ್ಲರಿಗೂ ಬರೆದ ಹಾಗೆ ಎಂದುಕೊಂಡಿದ್ದೇನೆ.

ನಿನ್ನ ಮನೆಯ ಒಲೆ ಬೆಚ್ಚಗಿರಲಿ, ಮಕ್ಕಳ ಕೈಗೆ ಕೆಲಸವಿರಲಿ, ನಿನ್ನ ಮೊಣಕಾಲಿನ ನೋವು ಕಡಿಮೆಯಾಗಲಿ ಎಂದು ಹರಸುವ,

ನಿನ್ನ ಭಾವ,
ಚೆನ್ನಿಯಪ್ಪನ್

ತಾ.ಕ.: ನೀನು ಕೇಳಿದ ಅಕ್ಕನ ಸೀರೆಯ ವಿಷಯ ಬರೆಯಲಿಲ್ಲ. ಮರೆತೆ ಎಂದರೆ ನೀನು ನಂಬುತ್ತೀಯ, ಆದರೆ ಮರೆತಿರಲಿಲ್ಲ.

ರಾಮಾಯಿ ಕೊನೆಯ ಸಲ ಕೊಳ್ಳೇಗಾಲಕ್ಕೆ ಬಂದಾಗ ಉಟ್ಟು ಬಿಚ್ಚಿಟ್ಟು, ನಿನ್ನದೊಂದನ್ನು ಉಟ್ಟುಕೊಂಡು ಬಸ್ಸು ಹತ್ತಿದಳಲ್ಲ, ಆ ಕಂದು ಅಂಚಿನ ಸೀರೆ ಹಾಗೆಯೇ ಟ್ರಂಕಿನಲ್ಲಿದೆ, ಒಗೆದು ಇಸ್ತ್ರಿ ಮಾಡಿ ಕಳಿಸಲೇ ಎಂದು ನೀನು ಕೇಳಿದ್ದೆ.

ಆ ಜ್ವರದಲ್ಲಿ ನನ್ನ ಮೂಗು ಹೋಯಿತು, ಸುಶೀಲಾ. ಎಲ್ಲರಿಗೂ ಹೋಗಿತ್ತು, ಎಲ್ಲರಿಗೂ ತಿರುಗಿ ಬಂತು. ನನ್ನದು ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಹೆಂಡತಿ ಹೋದವನು ಕಾಫಿಯ ವಾಸನೆ ಬರುತ್ತಿಲ್ಲ ಎಂದು ದೂರುವುದು ಹೇಗೆ? ಆಸ್ಪತ್ರೆಯವರು ಅವಳ ಸೀರೆಯನ್ನು ಒಂದು ಚೀಲದಲ್ಲಿ ಕಟ್ಟಿ ಕೊಟ್ಟರು. ಚೀಲ ಬಿಚ್ಚಿ ಮುಖವನ್ನು ಅದರಲ್ಲಿ ಹುದುಗಿಸಿದೆ. ಏನೂ ಇರಲಿಲ್ಲ. ಇವರು ಒಗೆದುಬಿಟ್ಟಿದ್ದಾರೆ ಎಂದು ಸಿಟ್ಟು ಬಂತು. ಬೆಳಕಿಗೆ ಹಿಡಿದರೆ ಅರಿಸಿನದ ಕಲೆ ಹಾಗೆಯೇ ಇತ್ತು. ಆಮೇಲೆ ಅದನ್ನು ಸುಡಬೇಕೆಂದರು, ಕೊಟ್ಟೆ. ವರ್ಷದ ತಿಥಿಗೆ ನೀನು ಬಂದಾಗ, ನಾನು ಬೀರುವಿನ ಮುಂದೆ ನಿಂತು ಅವಳ ಸೀರೆಗಳನ್ನು ಒಂದೊಂದಾಗಿ ಮುಖಕ್ಕೆ ಹಿಡಿಯುತ್ತಿದ್ದುದನ್ನು ನೋಡಿ ಏನು ಭಾವ ಎಂದು ನೀನು ಕೇಳಿದೆ. ನುಸಿಗುಳಿಗೆ ಹಾಕಿದ್ದಾರೋ ಇಲ್ಲವೋ ನೋಡುತ್ತಿದ್ದೇನೆ ಎಂದು ನಕ್ಕೆ. ಆ ವಾರವೇ ಜಯಪ್ರಿಯಾ ಎಲ್ಲವನ್ನೂ ಒಗೆದು, ಮಡಿಸಿ, ಪದ್ಧತಿಯಂತೆ ನೆಂಟರಿಗೆ ಹಂಚಿದಳು. ಅವಳಿಗೆ ಏನು ಗೊತ್ತು, ಪಾಪ. ಈಗಲೂ ಹೇಳಬೇಡ.

ಇಷ್ಟು ವರ್ಷದಲ್ಲಿ ನನ್ನ ಮೂಗಿಗೆ ಮೊದಲು ಬಂದದ್ದು ಆ ಮರನಾಯಿಯ ವಾಸನೆ. ಆಮೇಲೆ ಹಿಂಗು. ಆಮೇಲೆ ಗಂಜಿ. ಮಲ್ಲಿಗೆ ಇನ್ನೂ ಇಲ್ಲ, ಮಳೆಯ ಮಣ್ಣು ಇನ್ನೂ ಇಲ್ಲ.

ಆ ಸೀರೆಯನ್ನು ಒಗೆಯಬೇಡ. ಬಿಸಿಲಿಗೂ ಹಾಕಬೇಡ. ಹಬ್ಬಕ್ಕೆ ಬರುವಾಗ ಹೇಗಿದೆಯೋ ಹಾಗೆ ಒಂದು ಚೀಲದಲ್ಲಿ ಬಿಗಿಯಾಗಿ ಕಟ್ಟಿ ತಾ. ಇಷ್ಟು ಕಾಲದ ಮೇಲೆ ಅದರಲ್ಲಿ ಏನೂ ಉಳಿದಿರಲಿಕ್ಕಿಲ್ಲ. ಪರವಾಗಿಲ್ಲ. ಈ ಸಲ ಇಲ್ಲದಿದ್ದರೆ, ಅದು ನನ್ನ ಮೂಗಿನ ತಪ್ಪಲ್ಲ ಎಂದಾದರೂ ತಿಳಿಯುತ್ತದೆ.